ಚಿಂಗ್‌ಡಾವ್ ಬಿಯರ್ ಹಬ್ಬದ ಒಂದು ರಾತ್ರಿ: ಗದ್ದಲಕ್ಕೆ ಪೂರ್ತಿ ಅಂಕ, ಬಿಯರಿಗೆ ಅರ್ಧ

ಹಬ್ಬದ ಟೆಂಟಿಗೆ ಒಬ್ಬರೇ ಹೋಗಿ ಕೂತು ‘ಒಂದು ಬಿಯರ್’ ಅಂತ ಬೆರಳೆತ್ತಿ ತೋರಿಸಿದರೆ ಮಾಣಿ ತುಸು ಪೆಚ್ಚಾಗುತ್ತಾನೆ. ಅಲ್ಲಿನ ಲೆಕ್ಕದಲ್ಲಿ ಒಂದು ಅಂದರೆ ಮೂರು ಲೀಟರ್. ಮೊಣಕೈಯಿಂದ ಬೆರಳ ತುದಿಗಿಂತ ಉದ್ದದ ಪಾರದರ್ಶಕ ಕೊಳವೆ, ಬುಡದಲ್ಲಿ ಒಂದು ನಲ್ಲಿ. ಅದನ್ನು ತಂದು ಮೇಜಿನ ನಡುವೆ ಗರುಡಗಂಬದ ಹಾಗೆ ನಿಲ್ಲಿಸಿಬಿಡುತ್ತಾರೆ. ಚೀನಾದ ಚಿಂಗ್‌ಡಾವ್ ಅಂತರರಾಷ್ಟ್ರೀಯ ಬಿಯರ್ ಹಬ್ಬದ ಬಗ್ಗೆ ಹೊರದೇಶದವರು ಮಾಡುವ ದೂರುಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದು ಈ ಕೊಳವೆಯ ಬುಡದಲ್ಲೇ. ಇದು ಮೇಜಿನ ಹಬ್ಬ. ಎಂಟು ಹತ್ತು ಜನ ಸುತ್ತ ಕೂತು, ಮಧ್ಯೆ ಕಪ್ಪೆಚಿಪ್ಪಿನ ರಾಶಿ ಹಾಕಿಕೊಂಡು, ಗಂಟಲು ಹರಿಯುವ ಹಾಗೆ ಕೂಗಾಡುವವರಿಗೆ ಹೇಳಿ ಮಾಡಿಸಿದ್ದು. ಒಂಟಿಯಾಗಿ ಒಳ್ಳೆಯ ಬಿಯರ್ ಹುಡುಕಿಕೊಂಡು ಬಂದವರಿಗೆ ಅದೇ ಊರಿನಲ್ಲಿ ಇದಕ್ಕಿಂತ ಒಳ್ಳೆಯ ಜಾಗವಿದೆ, ಅಲ್ಲಿ ಬಿಯರನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಡುತ್ತಾರೆ. ಆ ಕತೆಗೆ ಆಮೇಲೆ ಬರೋಣ.

ಮೊದಲು ಊರು. ಚಿಂಗ್‌ಡಾವ್ ಶಾಂಡಾಂಗ್ ಪ್ರಾಂತ್ಯದ ಬಂದರು ನಗರ. 1898ರಿಂದ 1914ರವರೆಗೆ ಜರ್ಮನ್ನರ ಕೈಯಲ್ಲಿತ್ತು. 1903ರಲ್ಲಿ ಹಾಂಗ್‌ಕಾಂಗಿನ ಒಂದು ಆಂಗ್ಲೋ-ಜರ್ಮನ್ ಕಂಪನಿ ಇಲ್ಲಿ ಬಿಯರ್ ಕಾರ್ಖಾನೆ ಶುರುಮಾಡಿತು. ಇವತ್ತಿನ ತ್ಸಿಂಗ್‌ಟಾವ್ ಬಿಯರ್ ಅದರದೇ ಮುಂದುವರಿಕೆ. ಊರಿನ ಹೆಸರೂ ಬಿಯರಿನ ಹೆಸರೂ ಒಂದೇ, ಬಿಯರಿನ ಇಂಗ್ಲಿಷ್ ಕಾಗುಣಿತ ಮಾತ್ರ ಹಿಂದೆ ಅಂಚೆಯವರು ಊರ ಹೆಸರು ಬರೆಯುತ್ತಿದ್ದ ರೀತಿಯದು. ಕಾರ್ಖಾನೆ 1916ರಲ್ಲಿ ಜಪಾನಿ ಕಂಪನಿಯ ಪಾಲಾಯಿತು, 1949ರಲ್ಲಿ ಸರ್ಕಾರದ್ದಾಯಿತು, 1993ರಲ್ಲಿ ಹಾಂಗ್‌ಕಾಂಗ್ ಷೇರುಪೇಟೆಗೆ ಬಂತು. ಹಬ್ಬ ಶುರುವಾದದ್ದು 1991ರಲ್ಲಿ, ಊರಿಗೆ ನೂರು ತುಂಬಿದ ವರ್ಷ. ಬಹಳ ಕಾಲ ಲಾವ್‌ಶಾನ್ ಜಿಲ್ಲೆಯ ಬಿಯರ್ ಸಿಟಿಯೇ ಹಬ್ಬದ ಅಂಗಳವಾಗಿತ್ತು. ಈಗ ದೊಡ್ಡ ಅಂಗಳ ಕೊಲ್ಲಿಯಾಚೆ ಹ್ವಾಂಗ್‌ಡಾವ್ ಕಡೆಯ ಜಿನ್‌ಶಾಟಾನ್, ಅಂದರೆ ‘ಚಿನ್ನದ ಮರಳ ತೀರ’. ಇತ್ತೀಚಿನ ವರ್ಷಗಳಲ್ಲಿ ಜುಲೈ ಮಧ್ಯ ದಾಟಿದ ಮೇಲೆ ಶುರುವಾಗಿ ಮೂರು ವಾರಕ್ಕೂ ಹೆಚ್ಚು ನಡೆಯುತ್ತದೆ.

ಈ ‘ಕೊಲ್ಲಿಯಾಚೆ’ ಎನ್ನುವ ಮಾತನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು. ಜರ್ಮನ್ ಕಾಲದ ಕೆಂಪು ಹೆಂಚಿನ ಮನೆಗಳು, ಬಿಯರ್ ಬಾಟಲಿಯ ಲೇಬಲ್ಲಿನ ಮೇಲಿರುವ ಜಾನ್‌ಚ್ಯಾವ್ ಕಟ್ಟೆ, ಹಳೆಯ ಕಾರ್ಖಾನೆ, ಪ್ರವಾಸಿಗಳು ಉಳಿದುಕೊಳ್ಳುವ ಹೆಚ್ಚಿನ ಹೋಟೆಲುಗಳು, ಎಲ್ಲ ಜ್ಯಾವ್‌ಜೋ ಕೊಲ್ಲಿಯ ಪೂರ್ವಕ್ಕಿವೆ. ಹಬ್ಬ ನಡೆಯುವುದು ಪಶ್ಚಿಮಕ್ಕೆ. ನಡುವೆ ಸಮುದ್ರ. 2011ರಲ್ಲಿ ಸುರಂಗ ರಸ್ತೆಯೂ ಸೇತುವೆಯೂ ಆದವು. ಮೆಟ್ರೊದ 1ನೇ ಮಾರ್ಗವೂ ಈಗ ಸಮುದ್ರದ ಅಡಿಯಲ್ಲೇ ದಾಟುತ್ತದೆ. ಹೋಗುವುದು ಸಲೀಸು. ಎಡವಟ್ಟಾಗುವುದು ಬರುವಾಗ. ಒಂದೇ ರಾತ್ರಿ ಹಬ್ಬಕ್ಕೆ ಹೋಗುವುದಾದರೆ ಆ ಒಂದು ರಾತ್ರಿ ಹ್ವಾಂಗ್‌ಡಾವ್ ಕಡೆಯಲ್ಲೇ ಕೋಣೆ ಹಿಡಿಯುವುದು ಜಾಣತನ. ರೈಲು ಟಿಕೆಟ್ ತೆಗೆಯುವಾಗಲೂ ಎಚ್ಚರ ಬೇಕು: ‘ಚಿಂಗ್‌ಡಾವ್’ ಹಳೆ ಊರಿನ ನಿಲ್ದಾಣ, ‘ಉತ್ತರ’ ಬೇರೆ, ‘ಪಶ್ಚಿಮ’ ಇನ್ನೂ ಬೇರೆ. ಮೂರೂ ಒಂದಕ್ಕೊಂದು ದೂರ.

ವಾರದ ದಿನ ಸಂಜೆ ಐದೂವರೆ ಆರಕ್ಕೆ ಒಳಗಿದ್ದರೆ ಮೇಜು ಸಿಗುತ್ತದೆ. ಶುಕ್ರವಾರ ಶನಿವಾರ ಏಳರ ಮೇಲೆ ಹೋದರೆ ಗೇಟಿನಲ್ಲೂ ಸಾಲು, ಟೆಂಟಿನಲ್ಲೂ ಸಾಲು, ಶೌಚಾಲಯದ ಮುಂದಂತೂ ಕೇಳುವುದೇ ಬೇಡ. ಏಳು ದಾಟುತ್ತಿದ್ದಂತೆ ಕತ್ತಲಾಗುತ್ತದೆ, ಅಲ್ಲಿಂದಾಚೆ ದೀಪಗಳದೇ ರಾಜ್ಯ. ಗೇಟಿನಲ್ಲಿ ಚೀಲ ಎಕ್ಸ್‌ರೇ ಯಂತ್ರದೊಳಗೆ ಹೋಗುತ್ತದೆ, ಲೈಟರ್ ಇದ್ದರೆ ತೆಗೆದಿಡಿಸುತ್ತಾರೆ, ನೀರಿನ ಬಾಟಲಿ ಇದ್ದರೆ ಅಲ್ಲೇ ಒಂದು ಗುಟುಕು ಕುಡಿದು ತೋರಿಸಿ ಎನ್ನುತ್ತಾರೆ. ಸ್ಥಳೀಯರು ಗುರುತಿನ ಚೀಟಿಯನ್ನು ಯಂತ್ರಕ್ಕೆ ಒತ್ತಿ ಒಳಗೆ ಹೋಗುವ ಕಡೆಗಳಲ್ಲಿ ಪಾಸ್‌ಪೋರ್ಟಿಗೆ ಆ ಯಂತ್ರ ಜಪ್ಪಯ್ಯ ಅನ್ನುವುದಿಲ್ಲ. ಸಾಲಿನಲ್ಲಿ ನಿಂತು ಯಂತ್ರದ ಮುಂದೆ ಪರದಾಡುವ ಬದಲು ಮನುಷ್ಯ ಕೂತಿರುವ ಕೌಂಟರನ್ನು ಮೊದಲೇ ನೋಡಿಕೊಳ್ಳಿ. ಮೂಲ ಪಾಸ್‌ಪೋರ್ಟ್ ಜೊತೆಗಿರಲೇಬೇಕು. 16 ದಾಟಿದ ವಿದೇಶಿಯರು ಅದನ್ನು ಸದಾ ಒಯ್ಯಬೇಕೆನ್ನುವುದು ಚೀನಾದ ಕಾನೂನು, ಫೋಟೊ ಪ್ರತಿ ಲೆಕ್ಕಕ್ಕಿಲ್ಲ. ಬಿಯರ್ ಚೆಲ್ಲಾಡುವ ಜಾಗವಾದ್ದರಿಂದ ಅದನ್ನೊಂದು ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡರೆ ನೆಮ್ಮದಿ.

ಟೆಂಟುಗಳಿಗೆ ಅಲ್ಲಿ ‘ದಾ ಪೆಂಗ್’ ಎನ್ನುತ್ತಾರೆ. ಒಂದೊಂದಕ್ಕೂ ಒಂದೊಂದು ಬ್ರ್ಯಾಂಡ್, ಒಂದೊಂದು ವೇದಿಕೆ. ತ್ಸಿಂಗ್‌ಟಾವ್ ಟೆಂಟಿನಲ್ಲಿ ಜನವೂ ಹೆಚ್ಚು, ಸದ್ದೂ ಹೆಚ್ಚು. ಹಾಡು, ಕುಣಿತ, ಡಿಜೆ, ನಡುನಡುವೆ ಬಿಯರ್ ಕುಡಿಯುವ ಪಂದ್ಯ. ವೇದಿಕೆಗೆ ಹತ್ತಿರದ ಮೇಜುಗಳಿಗೆ ‘ದೀ ಶ್ಯಾವ್’ ಇರುತ್ತದೆ, ಅಂದರೆ ಇಷ್ಟಕ್ಕೆ ಕಡಿಮೆ ಖರ್ಚು ಮಾಡುವಂತಿಲ್ಲ ಎನ್ನುವ ಮೊತ್ತ. ಅದನ್ನು ಕೂರುವ ಮೊದಲು ಕೇಳಬೇಕು. ಕೂತು, ಕಡಲೆಕಾಯಿ ಬಾಯಿಗೆ ಹಾಕಿಕೊಂಡ ಮೇಲೆ ಕೇಳಿದರೆ ಏಳುವುದು ಕಷ್ಟ. ಹಿಂದಿನ ಸಾಲುಗಳಲ್ಲೂ ಅಂಚಿನ ಮೇಜುಗಳಲ್ಲೂ ಸಾಮಾನ್ಯವಾಗಿ ಈ ಕಟ್ಟುಪಾಡು ಇರುವುದಿಲ್ಲ, ಅಲ್ಲಿಂದ ವೇದಿಕೆಯೂ ಚೆನ್ನಾಗಿಯೇ ಕಾಣುತ್ತದೆ. ಸ್ಪೀಕರುಗಳ ನೇರಕ್ಕೆ ಮಾತ್ರ ಕೂರಬೇಡಿ. ಅಲ್ಲಿ ಅರ್ಧ ಗಂಟೆ ಕೂತರೆ ಪಕ್ಕದವರ ಮಾತಿರಲಿ, ನಿಮ್ಮ ಮಾತೇ ನಿಮಗೆ ಕೇಳುವುದಿಲ್ಲ. ಔಷಧಿ ಅಂಗಡಿಯ ಸ್ಪಂಜಿನ ಇಯರ್‌ಪ್ಲಗ್ ಒಂದು ಜೊತೆ ಜೇಬಿನಲ್ಲಿದ್ದರೆ ಪುಣ್ಯ.

ಇನ್ನು ಆ ಕೊಳವೆ. ಹೆಸರು ‘ಜಿಯೂ ಪಾವ್’, ಅರ್ಥ ಮದ್ಯದ ಫಿರಂಗಿ. ನಡುವೆ ಮಂಜುಗಡ್ಡೆ ತುಂಬುವ ಇನ್ನೊಂದು ಸಣ್ಣ ಕೊಳವೆ ಇರಬೇಕು. ಇಲ್ಲದಿದ್ದರೆ ಕೇಳಿ ಹಾಕಿಸಿಕೊಳ್ಳಿ, ಏಕೆಂದರೆ ಜುಲೈ ಸೆಖೆಗೆ ಮೂರು ಲೀಟರ್ ಬಿಯರ್ ಬೇಗನೆ ಬೆಚ್ಚಗಾಗುತ್ತದೆ. ಮೊದಲ ಲೋಟ ಬರೀ ನೊರೆ ಬರುವುದು ಸಹಜ: ನಲ್ಲಿ ಬಿಸಿಯಾಗಿರುತ್ತದೆ, ಹೊತ್ತು ತಂದವನು ಅಲ್ಲಾಡಿಸಿರುತ್ತಾನೆ. ಎರಡು ನಿಮಿಷ ಬಿಡಿ. ಆಮೇಲೆ ಲೋಟವನ್ನು ಓರೆ ಹಿಡಿದು ನಲ್ಲಿಯನ್ನು ಪೂರ್ತಿ ತಿರುಗಿಸಿ. ನೊರೆಗೆ ಹೆದರಿ ಅರ್ಧ ತಿರುಗಿಸಿದರೆ ಇಕ್ಕಟ್ಟಿನಲ್ಲಿ ನುಗ್ಗುವ ಬಿಯರಿನಿಂದ ಗ್ಯಾಸ್ ಹೊರಬಿದ್ದು ನೊರೆ ಇನ್ನೂ ಜಾಸ್ತಿಯಾಗುತ್ತದೆ. ಎಷ್ಟೇ ನಾಜೂಕಾಗಿ ಬಗ್ಗಿಸಿದರೂ ಮುಕ್ಕಾಲು ಗಂಟೆ ಆಗುವಷ್ಟರಲ್ಲಿ ಕೊಳವೆಯ ತಳದ ಬಿಯರ್ ಚಪ್ಪೆ. ನಾಲ್ಕು ಜನಕ್ಕಿಂತ ಕಡಿಮೆ ಇದ್ದರೆ ಫಿರಂಗಿಯ ತಂಟೆಗೆ ಹೋಗದೆ ಮಗ್ಗಿನಲ್ಲೇ ಕೇಳುವುದು ವಾಸಿ. ಗಾಜಿನ ಮಗ್ಗಿಗೆ ‘ಯಾ ಜಿನ್’, ಅಂದರೆ ಠೇವಣಿ ತೆಗೆದುಕೊಂಡರೆ ಚೀಟಿ ಜೋಪಾನ. ಚೀಟಿ ಕಳೆದರೆ ಮಗ್ಗು ನಿಮ್ಮದು.

ಬಿಯರ್ ಕೇಳುವಾಗ ‘ಬಿಂಗ್ ದ’ ಎಂಬ ಎರಡು ಶಬ್ದ ಸೇರಿಸಿ. ತಣ್ಣಗಿನದು ಎಂದರ್ಥ. ಹೇಳದಿದ್ದರೆ ‘ಛಾಂಗ್ ವೆನ್’, ಅಂದರೆ ಕೋಣೆಯ ಉಷ್ಣಾಂಶದ್ದು ಬಂದರೂ ಬರಬಹುದು. ತಣ್ಣಗಿನದು ಹೊಟ್ಟೆಗೆ ಒಳ್ಳೆಯದಲ್ಲ ಎಂದು ನಂಬುವವರು ಅಲ್ಲಿ ಬೇಕಾದಷ್ಟಿದ್ದಾರೆ, ಅವರಿಗೆ ಬೆಚ್ಚಗಿನ ಬಿಯರ್ ವಿಚಿತ್ರವೇನಲ್ಲ.

ರುಚಿಯ ವಿಷಯಕ್ಕೆ ಬಂದರೆ, ಹಬ್ಬದಲ್ಲಿ ಹರಿಯುವ ಮಾಮೂಲಿ ತ್ಸಿಂಗ್‌ಟಾವ್ ತೆಳು ಲಾಗರ್. ಬಾರ್ಲಿ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಜೊತೆ ಅಕ್ಕಿಯೂ ಸೇರಿರುವುದರಿಂದ ಮೈ ಹಗುರ, ಹಾಪ್ಸ್ ಹೂವಿನ ಕಹಿ ಕಡಿಮೆ, ಕೊನೆಯಲ್ಲಿ ಒಂದು ಎಳೆ ಸಿಹಿ. ಉಪ್ಪು ಖಾರದ ಚಿಪ್ಪಿನ ಜೊತೆ ನೆಂಚಿಕೊಳ್ಳಲು ಇದೇ ಸರಿ ಎನಿಸುತ್ತದೆ. ಬರೀ ಬಿಯರಾಗಿ ಕುಡಿದು ತೂಗಿದರೆ ಅರ್ಧ ಅಂಕಕ್ಕಿಂತ ಹೆಚ್ಚು ಕೊಡಲು ಮನಸ್ಸಾಗುವುದಿಲ್ಲ. ಗೋಧಿಯ ಬಿಳಿ ಬಿಯರ್, ಕಪ್ಪು ಬಿಯರ್ ಕಂಡರೆ ಅವನ್ನು ಕೇಳಿ, ಎರಡರಲ್ಲೂ ಮಾಮೂಲಿಗಿಂತ ಹುರುಳಿದೆ. ಎಲ್ಲಕ್ಕಿಂತ ಮೇಲೆ ‘ಯುವಾನ್ ಜಿಯಾಂಗ್’: ಸೋಸದ, ಪಾಶ್ಚರೀಕರಿಸದ, ಯೀಸ್ಟ್ ಇನ್ನೂ ಜೀವಂತವಿರುವ ಮಸುಕು ಬಿಯರ್. ಹೊಸದಾಗಿ ಬೇಯಿಸಿದ ಬ್ರೆಡ್ಡಿನ ವಾಸನೆ, ತುಂಬಿದ ಮೈ. ಹಬ್ಬದಲ್ಲಿ ಅದು ಸಿಗುವ ಕೌಂಟರನ್ನು ಹುಡುಕಿಕೊಂಡು ಹೋದರೂ ನಷ್ಟವಿಲ್ಲ. ಹೊರದೇಶದ ಬ್ರ್ಯಾಂಡುಗಳ ಟೆಂಟುಗಳೂ ಇರುತ್ತವೆ. ಆದರೆ ಚಿಂಗ್‌ಡಾವ್‌ವರೆಗೆ ಹೋಗಿ ಬಾಟಲಿಯಲ್ಲಿ ಹಡಗು ಹತ್ತಿ ಬಂದ ಜರ್ಮನ್ ಬಿಯರನ್ನು ದುಬಾರಿ ಬೆಲೆಗೆ ಕುಡಿಯುವುದರಲ್ಲಿ ಅರ್ಥ ಕಾಣುವುದಿಲ್ಲ.

ಲೇಬಲ್ ಓದುವಾಗ ಆಗುವ ಒಂದು ತಪ್ಪು ಎಷ್ಟು ಸಾಮಾನ್ಯವೆಂದರೆ ಅದನ್ನು ಬಿಡಿಸಿಯೇ ಹೇಳಬೇಕು. ಚೀನಾದ ಬಾಟಲಿ, ಡಬ್ಬಿಗಳ ಮೇಲೆ 8, 10, 11 ಎಂಬಂಥ ಅಂಕಿಯ ಪಕ್ಕ ಡಿಗ್ರಿ ಚಿಹ್ನೆ, ‘ಪಿ’ ಎಂಬ ಇಂಗ್ಲಿಷ್ ಅಕ್ಷರ ಇರುತ್ತದೆ. ‘ಅಬ್ಬಾ, ಹತ್ತು ಪರ್ಸೆಂಟ್’ ಎಂದು ಹೌಹಾರುವವರಿದ್ದಾರೆ. ಅದು ಪ್ಲೇಟೊ ಡಿಗ್ರಿ. ಹುದುಗು ಬರುವ ಮುಂಚೆ ಮಾಲ್ಟಿನ ರಸದಲ್ಲಿ ಕರಗಿದ್ದ ಸಕ್ಕರೆ ಮುಂತಾದ ಸತ್ವದ ಪ್ರಮಾಣ, ಮದ್ಯಸಾರದ್ದಲ್ಲ. ಮದ್ಯಸಾರ ಬೇರೆ ಸಾಲಿನಲ್ಲಿ, ಶೇಕಡಾ ಗುರುತಿನ ಜೊತೆಗಿರುತ್ತದೆ. 10 ಡಿಗ್ರಿಯ ಬಿಯರಿನಲ್ಲಿ ಮದ್ಯಸಾರ ಸಾಮಾನ್ಯವಾಗಿ ಶೇ. 4ರ ಆಸುಪಾಸು.

ಶೇ. 4 ಅಂದರೆ ನೀರು ಅಂದುಕೊಳ್ಳುವುದು ಎರಡನೇ ತಪ್ಪು. ಲೆಕ್ಕ ಹಾಕಿ: ಅರ್ಧ ಲೀಟರಿನ ಮಗ್ಗಿನಲ್ಲಿ 20 ಮಿಲಿ ಶುದ್ಧ ಮದ್ಯಸಾರ, ತೂಕದಲ್ಲಿ ಸುಮಾರು 16 ಗ್ರಾಂ. ದೇಹ ಗಂಟೆಗೆ ಅಂದಾಜು ಏಳೆಂಟು ಗ್ರಾಂ ಕರಗಿಸುತ್ತದೆ. ಅಂದರೆ ಒಂದು ಮಗ್ಗಿಗೆ ಎರಡು ಗಂಟೆ. ಒಂದು ಫಿರಂಗಿ ಪೂರ್ತಿ ಒಬ್ಬರೇ ಇಳಿಸಿದರೆ 95 ಗ್ರಾಂ, ಅದು ಮೈಯಿಂದ ಪೂರ್ತಿ ಇಳಿಯಲು ಹನ್ನೆರಡು ಹದಿಮೂರು ಗಂಟೆ ಬೇಕು. ವೇದಿಕೆ ಮೇಲಿನ ಕುಡಿಯುವ ಪಂದ್ಯಕ್ಕೆ ವಿದೇಶಿ ಮುಖ ಕಂಡರೆ ನಿರೂಪಕರು ಕೈ ಹಿಡಿದೇ ಎಳೆಯುತ್ತಾರೆ. ನಗುತ್ತ ಹತ್ತಿ, ಫೋಟೊ ತೆಗೆಸಿಕೊಂಡು, ಸೋತು ಇಳಿದುಬಿಡಿ. ಜನ ಚಪ್ಪಾಳೆ ಹೊಡೆಯುವುದು ಹತ್ತಿದ್ದಕ್ಕೆ. ಒಂದೇ ಉಸಿರಿಗೆ ಕುಡಿದರೆ ಮದ್ಯಸಾರಕ್ಕಿಂತ ಮೊದಲು ಕೈಕೊಡುವುದು ಗ್ಯಾಸು, ಅದರ ಪರಿಣಾಮ ಮೈಕಿನ ಮುಂದೆಯೇ ಗೊತ್ತಾಗುತ್ತದೆ.

ಪಕ್ಕದ ಮೇಜಿನವರು ಕರೆಯುತ್ತಾರೆ, ಇದು ಖಂಡಿತ. ಈ ಹಬ್ಬಕ್ಕೆ ಪೂರ್ತಿ ಅಂಕ ಕೊಡಬೇಕಾದದ್ದು ಇಲ್ಲಿಯೇ. ಶಾಂಡಾಂಗಿನವರ ಅತಿಥಿ ಸತ್ಕಾರ ಚೀನಾದಲ್ಲೇ ಹೆಸರಾದದ್ದು, ಅದರಲ್ಲಿ ಸ್ವಲ್ಪ ಬಲವಂತವೂ ಬೆರೆತಿರುತ್ತದೆ. ‘ಗಾನ್ ಬೇ’ ಎಂದರೆ ಲೋಟ ಒಣಗಿಸು, ಅಕ್ಷರಶಃ. ಆ ಮಾತಿಗೆ ಲೋಟ ತಾಗಿಸಿ ಒಂದು ಗುಟುಕು ಕುಡಿದು ಕೆಳಗಿಟ್ಟರೆ ಎದುರಿನವನು ತನ್ನ ಖಾಲಿ ಲೋಟ ಬೋರಲು ಹಾಕಿ ತೋರಿಸಿ ನಿಮ್ಮ ಲೋಟವನ್ನೇ ದಿಟ್ಟಿಸುತ್ತಾನೆ. ಪಾರಾಗಲು ‘ಸ್ವೇ ಯಿ’ ಎನ್ನಿ: ಅವರವರಿಗೆ ಸಾಧ್ಯವಾದಷ್ಟು. ಆದರೆ ಅದನ್ನು ಲೋಟ ತಾಗಿಸುವ ಮೊದಲು ಹೇಳಬೇಕು, ತಾಗಿಸಿದ ಮೇಲೆ ಹೇಳಿದರೆ ಮಾತಿಗೆ ತಪ್ಪಿದ ಹಾಗೆ. ಹಿರಿಯರ ಲೋಟಕ್ಕೆ ತಾಗಿಸುವಾಗ ನಿಮ್ಮ ಲೋಟದ ಅಂಚು ಅವರದಕ್ಕಿಂತ ತುಸು ಕೆಳಗಿರಲಿ. ಅವರೂ ವಿನಯಕ್ಕೆ ತಮ್ಮದನ್ನು ಕೆಳಗಿಳಿಸುತ್ತಾರೆ, ನೀವು ಇನ್ನೂ ಇಳಿಸುತ್ತೀರಿ, ಕೊನೆಗೆ ಎರಡೂ ಲೋಟ ಮೇಜಿಗೆ ಬಂದು ಮುಟ್ಟುವುದೂ ಉಂಟು. ಬಿಯರನ್ನು ಅಂಚಿನವರೆಗೆ ತುಂಬಿಸುವುದು ಮರ್ಯಾದೆ. ಚಹಾ ಹಾಗೆ ತುಂಬಿಸಿದರೆ ಅವಮಾನ. ಲೋಟಗಳು ಸಣ್ಣವು ಎನ್ನುವುದೊಂದೇ ಸಮಾಧಾನ. ಕುಡಿಯುವುದೇ ಇಲ್ಲ ಎನ್ನುವವರು ಮೊದಲ ಲೋಟದಲ್ಲೇ ಮದ್ಯ ಅಲರ್ಜಿ ಎಂದು ಹೇಳಿ ಚಹಾ ಹಿಡಿಯಬೇಕು. ಎರಡು ಲೋಟ ಕುಡಿದು ಮೂರನೆಯದಕ್ಕೆ ಅಲರ್ಜಿ ಎಂದರೆ ಯಾರೂ ನಂಬುವುದಿಲ್ಲ.

ಭಾಷೆ ಬಾರದವರಿಗೆ ಒಳ್ಳೆಯ ಸೇತುವೆ ದಾಳದಾಟ. ಒಬ್ಬೊಬ್ಬರಿಗೂ ಐದು ದಾಳ, ಒಂದು ಬಟ್ಟಲು. ಕುಲುಕಿ ಬೋರಲಿಟ್ಟು ತನ್ನದನ್ನು ತಾನೊಬ್ಬನೇ ನೋಡಿಕೊಳ್ಳಬೇಕು. ಆಮೇಲೆ ಎಲ್ಲರ ದಾಳಗಳನ್ನೂ ಸೇರಿಸಿ ‘ನಾಲ್ಕು ಐದುಗಳಿವೆ’ ಎಂಬಂತೆ ಕೂಗು, ಮುಂದಿನವನು ಅದಕ್ಕಿಂತ ಮೇಲೆ ಕೂಗಬೇಕು, ಇಲ್ಲವೇ ಸುಳ್ಳು ಎಂದು ಬಟ್ಟಲು ಎತ್ತಿಸಬೇಕು. ಒಂದರ ಮುಖ ಯಾವ ಸಂಖ್ಯೆಯ ಬದಲಿಗೂ ನಡೆಯುತ್ತದೆ, ಆದರೆ ಯಾರಾದರೂ ‘ಒಂದು’ಗಳನ್ನೇ ಕೂಗಿದರೆ ಆ ಸುತ್ತಿಗೆ ಆ ಸೌಲಭ್ಯ ಇಲ್ಲ. ಹೊಸಬರು ಸೋಲುವುದು ಇದನ್ನು ಮರೆತು. ಇಬ್ಬರ ಆಟದಲ್ಲಿ ಹತ್ತು ದಾಳ. ಅವನು ಕೂಗುವ ಸಂಖ್ಯೆಯಾಗಲಿ ‘ಒಂದು’ ಆಗಲಿ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ, ಎದುರಿನವನ ಐದು ದಾಳಗಳಲ್ಲಿ ‘ಒಂದು’ಗಳನ್ನೂ ಸೇರಿಸಿ ಆ ಸಂಖ್ಯೆ ಸಿಗುವುದು ಸರಾಸರಿ ಎರಡಕ್ಕಿಂತ ಕಡಿಮೆ. ಅವನು ನಾಲ್ಕು ಎಂದು ಕೂಗಿದರೆ ಧೈರ್ಯವಾಗಿ ಎತ್ತಿಸಿ. ಬೆರಳೆಣಿಕೆಯ ಇನ್ನೊಂದು ಆಟವೂ ಇದೆ, ಕೂಗು ಕೇಳಲು ಸೊಗಸು. ಆದರೆ ಚೀನಿ ಅಂಕಿಗಳು ನಾಲಿಗೆ ತುದಿಯಲ್ಲಿರದವರು ಅದರಲ್ಲಿ ಬರೀ ಕುಡಿಯುತ್ತಾರೆ.

ತಿನಿಸಿನಲ್ಲಿ ಕಪ್ಪೆಚಿಪ್ಪಿಗೆ ಅಗ್ರಪೂಜೆ. ಊರಿನವರ ಆಡುಮಾತಿನಲ್ಲಿ ಅದು ‘ಗಾಲಾ’, ಕುಡಿಯುವುದಕ್ಕೆ ‘ಹಾ’. ಬಿಯರ್ ‘ಹಾ’, ‘ಗಾಲಾ’ ತಿನ್ನು, ಇಷ್ಟೇ ಬೇಸಿಗೆಯ ವೇದವಾಕ್ಯ. ಕೊಲ್ಲಿಯೊಳಗಿನ ಹೊಂಗ್‌ಡಾವ್ ಕಡೆಯದು ಹೆಸರುವಾಸಿ. ಒಣಮೆಣಸಿನಕಾಯಿ, ಶುಂಠಿ, ಈರುಳ್ಳಿ ಸೊಪ್ಪು ಹಾಕಿ ಜೋರು ಉರಿಯಲ್ಲಿ ಒಂದೆರಡು ನಿಮಿಷ ಬಾಡಿಸಿದ್ದು. ಚೆನ್ನಾಗಿದ್ದರೆ ಚಿಪ್ಪುಗಳು ಅಗಲವಾಗಿ ಬಾಯಿ ಬಿಟ್ಟಿರುತ್ತವೆ, ಒಳಗಿನ ಮಾಂಸ ಉಬ್ಬಿ ಚಿಪ್ಪು ತುಂಬಿರುತ್ತದೆ, ತಟ್ಟೆಯ ತಳದಲ್ಲಿ ಸ್ವಲ್ಪವೇ ರಸ. ಮಾಂಸ ಮುರುಟಿ ಗುಂಡಿಯ ಗಾತ್ರಕ್ಕಿಳಿದಿದ್ದರೆ ಬಾಣಲೆಯಲ್ಲಿ ಹೊತ್ತು ಮೀರಿದೆ. ಹಲ್ಲಿಗೆ ಕರಕರ ಸಿಕ್ಕರೆ ಉಪ್ಪುನೀರಿನಲ್ಲಿ ಮರಳು ಬಿಡಿಸಿಲ್ಲ. ಬಾಯಿ ಬಿಡದ ಚಿಪ್ಪನ್ನು ಕಿತ್ತು ತಿನ್ನಬೇಡಿ. ಹಬ್ಬದ ಗಡಿಬಿಡಿಯಲ್ಲಿ ಮಾಡಿಟ್ಟು ತಣ್ಣಗಾದ ತಟ್ಟೆ ಬಂದರೆ ವಾಪಸ್ ಕಳಿಸಲು ಸಂಕೋಚ ಬೇಡ. ಇದ್ದಿಲ ಮೇಲೆ ಒತ್ತಿ ಸುಟ್ಟ ಸ್ಕ್ವಿಡ್ ಕಡ್ಡಿ, ಜೀರಿಗೆ ಖಾರದ ಪುಡಿ ಉದುರಿಸಿದ ಕುರಿ ಮಾಂಸದ ಕಡ್ಡಿ, ಎರಡೂ ನಂಬಿಕೆಗೆ ಅರ್ಹ. ಕಣ್ಣೆದುರು ಸುಡುವುದನ್ನೇ ತೆಗೆದುಕೊಳ್ಳಿ. ಮಾಂಸ ತಿನ್ನದವರಿಗೆ ಉಪ್ಪುನೀರಲ್ಲಿ ಬೇಯಿಸಿದ ಎಳೆ ಸೋಯಾ ಕಾಯಿ, ಚಕ್ರಮೊಗ್ಗಿನ ಪರಿಮಳದ ಬೇಯಿಸಿದ ಕಡಲೆಕಾಯಿ, ಬೆಳ್ಳುಳ್ಳಿ ವಿನೆಗರ್ ಹಾಕಿ ಜಜ್ಜಿದ ಸೌತೆಕಾಯಿ ಇದ್ದೇ ಇರುತ್ತವೆ. ಸುಟ್ಟ ಬದನೆಕಾಯಿ ಮೇಲೆ ಕೆಲವೆಡೆ ಕೊಚ್ಚಿದ ಮಾಂಸ ಉದುರಿಸುತ್ತಾರೆ, ಸುಡುವ ಒಲೆಯೂ ಎಣ್ಣೆ ಸವರುವ ಬ್ರಷ್ಷೂ ಎಲ್ಲಕ್ಕೂ ಒಂದೇ, ಕಟ್ಟುನಿಟ್ಟಿನವರು ಸೌತೆಕಾಯಿಯಲ್ಲೇ ನಿಲ್ಲಿ. ಚಿಪ್ಪು ಮತ್ತು ಬಿಯರ್ ಎರಡೂ ಯೂರಿಕ್ ಆಸಿಡ್ ಏರಿಸುವಂಥವು. ಗೌಟ್ ಎಂಬ ಕೀಲುನೋವು ಇರುವವರು ಈ ಜೋಡಿಯನ್ನು ನೋಡಿ ಖುಷಿಪಡುವುದಷ್ಟೇ ಒಳ್ಳೆಯದು.

ಕಡಲ ತಿನಿಸಿನ ಬೆಲೆ ಕೇಳುವಾಗ ‘ಎಷ್ಟು’ ಎಂದರೆ ಸಾಲದು, ‘ಎಷ್ಟಕ್ಕೆ ಎಷ್ಟು’ ಎಂದು ಕೇಳಬೇಕು. 2015ರ ಅಕ್ಟೋಬರ್ ರಜೆಯಲ್ಲಿ ಇದೇ ಊರಿನ ಒಂದು ಹೋಟೆಲಿನಲ್ಲಿ ಮೆನುವಿನ ಮೇಲೆ ಸಿಗಡಿಗೆ 38 ಯುವಾನ್ ಎಂದಿತ್ತು. ಗಿರಾಕಿ ಅದು ಒಂದು ತಟ್ಟೆಗೆ ಎಂದುಕೊಂಡ, ಬಿಲ್ ಬಂದಾಗ ಒಂದೊಂದು ಸಿಗಡಿಗೂ 38. ದೇಶವೆಲ್ಲ ಗುಲ್ಲೆದ್ದು ಆ ಹೋಟೆಲಿಗೆ 90,000 ಯುವಾನ್ ದಂಡ ಬಿತ್ತು. ಅಲ್ಲಿಂದೀಚೆಗೆ ಊರು ಎಚ್ಚೆತ್ತಿದೆ ನಿಜ, ಆದರೂ ತಟ್ಟೆಗೋ, ಒಂದಕ್ಕೋ, ‘ಜಿನ್’ಗೋ ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ಒಂದು ಜಿನ್ ಅಂದರೆ 500 ಗ್ರಾಂ, ಕಿಲೋ ಅಲ್ಲ. ತೊಟ್ಟಿಯಿಂದ ಎತ್ತಿದ್ದನ್ನು ನೀರು ಬಸಿದು ತೂಗಿಸಿ.

ಹಣ ಕೊಡಲು ಫೋನಿನಲ್ಲಿ ಅಲಿಪೇ ಅಥವಾ ವಿಚಾಟ್ ಆ್ಯಪ್ ಬೇಕೇ ಬೇಕು. 2023ರಿಂದ ಹೊರದೇಶದ ವೀಸಾ, ಮಾಸ್ಟರ್ ಕಾರ್ಡುಗಳನ್ನು ಜೋಡಿಸುವುದು ಸುಲಭವಾಗಿದೆ. ಎರಡಕ್ಕೂ ಕಾರ್ಡನ್ನು ನಿಮ್ಮ ಊರಲ್ಲೇ ಜೋಡಿಸಿ ಪಾಸ್‌ಪೋರ್ಟ್ ಪರಿಶೀಲನೆ ಮುಗಿಸಿಕೊಂಡು ಹೋಗಿ. ಬ್ಯಾಂಕಿನ ಒಟಿಪಿ ಬರುವ ಸಿಮ್ ಫೋನಿನಲ್ಲೇ ಇರಲಿ. ಒಂದು ಸಲಕ್ಕೆ 200 ಯುವಾನ್‌ವರೆಗೆ ಶುಲ್ಕವಿಲ್ಲ, ಮೀರಿದರೆ ಶೇ. 3. ಆದ್ದರಿಂದ ಎಲ್ಲ ಒಟ್ಟು ಸೇರಿಸಿ ಕೊನೆಗೆ ಕೊಡುವುದಕ್ಕಿಂತ ಸುತ್ತು ಸುತ್ತಿಗೆ ಕೊಟ್ಟುಬಿಡುವುದು ಲಾಭ. ದೊಡ್ಡ ಟೆಂಟುಗಳಲ್ಲಿ ಕಷ್ಟವಿಲ್ಲ. ಕೈಗಾಡಿಯವನ ಹತ್ತಿರ ಮಾತ್ರ ಕೆಲವೊಮ್ಮೆ ಹಣ ಹೋಗುವುದಿಲ್ಲ: ಅವನು ತೋರಿಸುವುದು ಅಂಗಡಿಯ ಕ್ಯೂಆರ್ ಕೋಡಲ್ಲ, ಸ್ವಂತ ಖಾತೆಯ ಕೋಡು. ಹೊರದೇಶದ ಕಾರ್ಡಿನಿಂದ ವ್ಯಕ್ತಿಗೆ ಹಣ ಕಳಿಸಲು ಎಲ್ಲ ಸಲ ಬರುವುದಿಲ್ಲ. ಅದಕ್ಕೆ ಹತ್ತು ಇಪ್ಪತ್ತರ ನೋಟುಗಳಲ್ಲಿ ಇನ್ನೂರು ಮುನ್ನೂರು ಯುವಾನ್ ಜೇಬಿನಲ್ಲಿರಲಿ. ನಗದು ಬೇಡ ಎನ್ನುವುದು ಅಲ್ಲಿ ಕಾನೂನುಬಾಹಿರ, ಚಿಲ್ಲರೆ ಇಲ್ಲ ಎನ್ನುವುದಕ್ಕೆ ಮಾತ್ರ ಮದ್ದಿಲ್ಲ. ಪವರ್ ಬ್ಯಾಂಕ್ ಮರೆತು ಫೋನ್ ಆರಿದರೆ ಹಣವೂ ಇಲ್ಲ, ನಕ್ಷೆಯೂ ಇಲ್ಲ, ಗಾಡಿಯೂ ಇಲ್ಲ.

ಹವಾಮಾನ: ಒಳನಾಡಿಗಿಂತ ತಂಪು, ಆದರೆ ಮೈಗೆ ಅಂಟುವ ತೇವ. ಮಳೆ ಯಾವಾಗ ಬೇಕಾದರೂ. ಬೇಸಿಗೆಯಲ್ಲಿ ಹಳದಿ ಸಮುದ್ರದ ಹಸಿರು ಪಾಚಿ ತೀರಕ್ಕೆ ಬಂದು ಬಿದ್ದು ಕೊಳೆತರೆ ಗಾಳಿ ಬೀಸಿದಾಗ ವಾಸನೆ ಬರುತ್ತದೆ, ಅದಕ್ಕೆ ಅಡುಗೆಯವರನ್ನು ಬೈಯಬೇಡಿ. ಶೌಚಾಲಯಗಳಲ್ಲಿ ಟಿಶ್ಯೂ ಇರುತ್ತದೆಂದು ನಂಬಬೇಡಿ. ಕಾಲಿಗೆ ಬೆರಳು ಮುಚ್ಚುವ ಚಪ್ಪಲಿ ಅಥವಾ ಶೂ, ಏಕೆಂದರೆ ನೆಲದ ಮೇಲೆ ಬಿಯರ್, ಚಿಪ್ಪು, ಕಡ್ಡಿ ಎಲ್ಲವೂ ಇರುತ್ತವೆ.

ಈಗ ಚೀಲದ ಬಿಯರ್. ಹಬ್ಬದ ಹಿಂದಿನ ದಿನವೋ, ಹಬ್ಬಕ್ಕೆ ಹೋಗುವ ಮಧ್ಯಾಹ್ನವೋ ಹಳೆ ಊರಿನ ಡೆಂಗ್‌ಜೋ ರಸ್ತೆಗೆ ಹೋಗಿ. 56ನೇ ನಂಬರಿನಲ್ಲಿ 1903ರ ಕಾರ್ಖಾನೆ, ಅದರಲ್ಲೇ 2003ರಲ್ಲಿ ತೆರೆದ ಮ್ಯೂಸಿಯಂ. ಹಳೆಯ ತಾಮ್ರದ ಹಂಡೆಗಳನ್ನು ನೋಡಿ, ಓರೆ ನೆಲದ ‘ಕುಡುಕನ ಮನೆ’ಯಲ್ಲಿ ಕುಡಿಯದೆಯೇ ತೂರಾಡಿ, ಟಿಕೆಟ್ಟಿನ ಜೊತೆ ಸಿಗುವ ಸೋಸದ ಬಿಯರನ್ನು ಕುಡಿದು ಹೊರಬನ್ನಿ. ಅಲ್ಲಿಂದ ಹತ್ತಿರವೇ ಯಿಂಗ್‌ಕೋ ರಸ್ತೆಯ ಮಾರುಕಟ್ಟೆ, ಸುತ್ತ ಸಣ್ಣ ಬಿಯರ್ ಮನೆಗಳು. ಮಾರುಕಟ್ಟೆಯಲ್ಲಿ ಚಿಪ್ಪು, ಸಿಗಡಿ ಕೊಂಡು ಬಿಯರ್ ಮನೆಗೆ ಕೊಟ್ಟರೆ ‘ಜಿಯಾ ಗೊಂಗ್ ಫೇ’ ಎಂಬ ಅಡುಗೆ ಕೂಲಿ ತೆಗೆದುಕೊಂಡು ಮಾಡಿಕೊಡುತ್ತಾರೆ. ಬಾಗಿಲಲ್ಲಿ ಸ್ಟೀಲ್ ಪೀಪಾಯಿಗಳ ಸಾಲು. ‘ಸಾನ್ ಪಿ’ ಎಂದು ಕೇಳಿದರೆ ತೆಳು ಪ್ಲಾಸ್ಟಿಕ್ ಚೀಲವನ್ನು ನಲ್ಲಿಗೆ ಹಿಡಿದು, ತುಂಬಿಸಿ, ತಕ್ಕಡಿಗೆ ನೇತುಹಾಕಿ, ಜಿನ್ ಲೆಕ್ಕದಲ್ಲಿ ಕೊಡುತ್ತಾರೆ. ಟೆಂಟಿನ ಬೆಲೆಯ ಸಣ್ಣ ಪಾಲು. ಒಂದು ಜಿನ್ ಎಂದರೆ ಹೆಚ್ಚುಕಡಿಮೆ ಅರ್ಧ ಲೀಟರ್, ಎರಡು ಜಿನ್ ಒಬ್ಬರಿಗೆ ಸಾಕು. ಕಾಲಮಿತಿ ತುಂಬಾ ಕಡಿಮೆಯಿರುವ ತಾಜಾ ಬಿಯರ್ ಅದು, ನಾಳೆಗೆ ಎಂದು ಇಟ್ಟರೆ ಹುಳಿಯಾಗುತ್ತದೆ.

ಚೀಲ ಹಿಡಿಯುವುದಕ್ಕೂ ಒಂದು ಕ್ರಮವಿದೆ. ಬಾಯನ್ನು ಹಿಂಡಿ ಗಂಟು ಹಾಕಬೇಡಿ, ಹಿಡಿಕೆಯ ಎರಡು ಕಿವಿಗಳನ್ನು ಒಂದೇ ಬೆರಳಿಗೆ ಸಿಕ್ಕಿಸಿ ಸ್ಟ್ರಾ ಇಳಿಬಿಡಿ. ಅದನ್ನು ಎಲ್ಲೂ ಕೆಳಗಿಡಲು ಆಗುವುದಿಲ್ಲ, ತಳವೇ ಇಲ್ಲವಲ್ಲ. ಇನ್ನೊಂದು ಕೈಯಲ್ಲಿ ಸ್ಕ್ವಿಡ್ ಕಡ್ಡಿ ಹಿಡಿದವರು ಹುಷಾರು: ಬಿದಿರಿನ ಮೊನೆ ಒಂದು ಸಲ ತಾಗಿದರೆ ಸಾಕು, ಸೂಜಿಯಷ್ಟು ತೂತಿನಿಂದ ಪ್ಯಾಂಟೆಲ್ಲ ಬಿಯರ್. ಅಂಗಡಿ ಮುಂದೆ ಸ್ಟೂಲ್ ಇದ್ದರೆ ಕೂತು ಲೋಟಕ್ಕೇ ಹಾಕಿಸಿಕೊಳ್ಳಿ. ಒಂದು ಕಾಲದಲ್ಲಿ ಇಲ್ಲಿನವರು ಹಣ್ಣಿನ ಡಬ್ಬಿಯ ಖಾಲಿ ಗಾಜಿನ ಜಾಡಿಗಳಲ್ಲೇ ಕುಡಿಯುತ್ತಿದ್ದರು. ಹಬ್ಬದ ವೇದಿಕೆ, ಲೇಸರ್ ದೀಪ ಯಾವುದೂ ಇಲ್ಲದ ಈ ಫುಟ್‌ಪಾತಿನ ಬಿಯರ್ ಹಬ್ಬದ ಬಿಯರಿಗಿಂತ ನಿಸ್ಸಂಶಯವಾಗಿ ಮೇಲು.

ಕೊನೆಗೆ ವಾಪಸಾತಿ, ಇದನ್ನು ಮೊದಲ ಮಗ್ಗಿಗೆ ಮುಂಚೆಯೇ ಇತ್ಯರ್ಥ ಮಾಡಿಕೊಳ್ಳಬೇಕು. ಇಳಿಯುವಾಗಲೇ ಮೆಟ್ರೊ ನಿಲ್ದಾಣದ ಫಲಕದಲ್ಲಿ ಕೊನೆಯ ರೈಲಿನ ಹೊತ್ತಿನ ಫೋಟೊ ತೆಗೆದುಕೊಳ್ಳಿ. ಅದಕ್ಕಿಂತ ಒಂದು ಗಂಟೆ ಮೊದಲು ಏಳದಿದ್ದರೆ ರೈಲು ಸಿಗುವುದಿಲ್ಲ, ಏಕೆಂದರೆ ಉಳಿದವರೂ ಆಗಲೇ ಏಳುತ್ತಾರೆ. ಬಾಡಿಗೆ ಸೈಕಲ್ ಕಂಡು ಆಸೆಪಡಬೇಡಿ, ಅಮಲಿನಲ್ಲಿ ಸೈಕಲ್ ತುಳಿಯುವುದೂ ಅಲ್ಲಿ ಅಪರಾಧವೇ. ಕಾರಿಗಂತೂ ನೂರು ಮಿಲಿ ರಕ್ತಕ್ಕೆ 20 ಮಿಲಿಗ್ರಾಂ ದಾಟಿದರೆ ದಂಡ, 80 ದಾಟಿದರೆ 2011ರಿಂದ ಕ್ರಿಮಿನಲ್ ಅಪರಾಧ. ಕಾರು ತಂದ ಸ್ಥಳೀಯರು ‘ದಾಯ್ ಜಿಯಾ’ ಕರೆಸುತ್ತಾರೆ, ಮಡಚುವ ಸಣ್ಣ ಸ್ಕೂಟರಿನಲ್ಲಿ ಬಂದು, ಅದನ್ನು ಡಿಕ್ಕಿಯಲ್ಲಿಟ್ಟು, ಮಾಲೀಕನ ಕಾರು ಓಡಿಸಿ ಮನೆ ಮುಟ್ಟಿಸುವವರು.

ಉಳಿದದ್ದು ಫೋನ್ ಆ್ಯಪಿನಲ್ಲಿ ಕರೆಸುವ ‘ದೀದಿ’ ಟ್ಯಾಕ್ಸಿ. ಅಲಿಪೇ ಒಳಗಿಂದಲೇ ಕರೆಯಬಹುದು. ಗೂಗಲ್ ನಕ್ಷೆ ನಂಬಿ ಜಾಗ ಗುರುತಿಸಬೇಡಿ, ಚೀನಾದ ನಕ್ಷೆಗಳ ಅಕ್ಷಾಂಶ ರೇಖಾಂಶ ಬೇಕೆಂದೇ ಜರುಗಿಸಿದ್ದು, ನೂರಾರು ಮೀಟರ್ ತಪ್ಪುತ್ತದೆ. ಗೇಟಿನ ಎದುರು ನಿಂತು ಕರೆದರೆ ಗಾಡಿ ಬರುವುದೂ ಇಲ್ಲ, ಬಂದರೆ ಹೊರಡುವುದೂ ಇಲ್ಲ. ಜನರ ಹರಿವಿನಿಂದ ಅಡ್ಡಕ್ಕೆ ಹತ್ತು ಹದಿನೈದು ನಿಮಿಷ ನಡೆದು, ಹೆಸರು ಬೆಳಗುವ ಯಾವುದಾದರೂ ಹೋಟೆಲ್ ಬಾಗಿಲಲ್ಲಿ ನಿಂತು ಅಲ್ಲಿಂದ ಕರೆಯಿರಿ. ಸುರಂಗದ ಟೋಲ್ ಬಾಡಿಗೆಗೆ ಸೇರುತ್ತದೆ, ಮೋಸವೆಂದುಕೊಳ್ಳಬೇಡಿ. ಚಾಲಕ ಫೋನ್ ಮಾಡಿದರೆ ಕತ್ತರಿಸಿ ಆ್ಯಪಿನ ಸಂದೇಶದಲ್ಲೇ ಉತ್ತರ ಕೊಡಿ, ಅನುವಾದ ತಾನಾಗಿ ಆಗುತ್ತದೆ. ನಂಬರ್ ಪ್ಲೇಟ್ ನೋಡಿ ಹತ್ತಿ ಕೂತ ಕೂಡಲೇ ಅವನು ಹಿಂದಿರುಗಿ ನೋಡದೆ ‘ವೇ ಹಾವ್’ ಎನ್ನುತ್ತಾನೆ. ನಿಮ್ಮ ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿ ಕೇಳುತ್ತಿದ್ದಾನೆ. ಹೇಳಲು ಬಾರದಿದ್ದರೆ ಅಂಕಿ ಬರೆದ ಪರದೆಯನ್ನು ಮುಂದೆ ಚಾಚಿ. ಅವನು ಅದನ್ನು ತನ್ನ ಫೋನಿಗೆ ಒತ್ತುವವರೆಗೆ ಗಾಡಿ ಕದಲುವುದಿಲ್ಲ.